ಜೆನ್ನರನ ತೊಡೆಯ ಮೇಲಿನ ಮಗು

ಇಟಲಿಯ ಶಿಲ್ಪಿ ಜೂಲಿಯೊ ಮೊಂತೆವೆರ್ದೆ 1873ರಲ್ಲಿ ಒಂದು ಶಿಲ್ಪವನ್ನು ರೂಪಿಸಿದನು. ಸಿಡುಬಿಗೆ ಲಸಿಕೆ ಕಂಡುಹಿಡಿದ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಅದರಲ್ಲಿ ಆಸನದ ಮೇಲೆ ಕುಳಿತಿದ್ದಾನೆ. ಅವನ ತೊಡೆಯ ಮೇಲೆ ಬೆತ್ತಲೆ ಮಗುವೊಂದಿದೆ. ಒಂದು ಕೈ ಆ ಮಗುವನ್ನು ಭದ್ರವಾಗಿ ಅಪ್ಪಿ ಹಿಡಿದಿದೆ; ಇನ್ನೊಂದು ಕೈಯಲ್ಲಿರುವ ಸಣ್ಣ ಶಸ್ತ್ರ ಮಗುವಿನ ತೋಳನ್ನು ಮುಟ್ಟುತ್ತಿದೆ. ಮಗು ಕೊಸರಾಡುತ್ತಿದೆ. ವೈದ್ಯನ ಮುಖ ಪೂರ್ತಿಯಾಗಿ ಆ ತೋಳಿನತ್ತ ಬಾಗಿದೆ. ಅದರಲ್ಲಿ ಏಕಾಗ್ರತೆಯಿದೆ, ಆತಂಕವೂ ಇದೆ. ಅಮೃತಶಿಲೆಯಲ್ಲಿ ಎಳೆಮಗುವಿನ ಮೈಯ ಮೃದುತ್ವವನ್ನು ತರುವುದು ಸುಲಭದ ಕೆಲಸವಲ್ಲ. ಮೊಂತೆವೆರ್ದೆ ಅದನ್ನು ಸಾಧಿಸಿದ್ದಾನೆ. ಈ ಕೃತಿ ಅವನಿಗೆ ಯುರೋಪಿನಾದ್ಯಂತ ಕೀರ್ತಿ ತಂದಿತು. ಶಿಲ್ಪದ ಹೆಸರು ಆ ಮಗು ಯಾರದೆಂಬುದನ್ನೂ ಹೇಳುತ್ತದೆ: ಜೆನ್ನರ್ ಲಸಿಕೆಯನ್ನು ಪರೀಕ್ಷಿಸುತ್ತಿರುವುದು ತನ್ನ ಸ್ವಂತ ಮಗನ ಮೇಲೆ.

ಚರಿತ್ರೆ ಹೇಳುವುದು ಬೇರೆ. 1796ರ ಮೇ 14ರಂದು ಬರ್ಕ್ಲಿ ಎಂಬ ಊರಿನಲ್ಲಿ ಜೆನ್ನರನ ಶಸ್ತ್ರದ ಗೀರು ಬಿದ್ದದ್ದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿನ ಮೇಲೆ. ಅವನು ಜೆನ್ನರನಿಗಾಗಿ ತೋಟದ ಕೆಲಸ ಮಾಡುತ್ತಿದ್ದ ಬಡ ಕೂಲಿಯವನ ಮಗ. ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬ ಯುವತಿಯ ಕೈಮೇಲೆ ಎದ್ದಿದ್ದ ಗೋಸಿಡುಬಿನ ಬೊಕ್ಕೆಯ ರಸಿಕೆಯನ್ನು ಆ ಗೀರಿಗೆ ಹಚ್ಚಲಾಯಿತು. ಪ್ರಯೋಗ ಅಲ್ಲಿಗೆ ಮುಗಿಯಲಿಲ್ಲ. ಜುಲೈ 1ರಂದು ಜೆನ್ನರ್ ಅದೇ ಹುಡುಗನ ಮೈಗೆ ನಿಜವಾದ ಸಿಡುಬಿನ ರಸಿಕೆಯನ್ನೇ ಸೇರಿಸಿ ಕಾದನು. ರೋಗ ಬರಲಿಲ್ಲ. ಬಂದಿದ್ದರೆ? ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಪ್ರಸಂಗ ಜೆನ್ನರನಿಗೆ ಬರಲಿಲ್ಲ, ಅಷ್ಟೆ.

ಶಿಲ್ಪಿ ಇಲ್ಲದ್ದನ್ನು ಸೃಷ್ಟಿಸಿದನೆಂದೂ ಹೇಳಲಾಗದು. 1789ರಲ್ಲಿ ಜೆನ್ನರ್ ತನ್ನ ಹಸುಗೂಸಾದ ಮೊದಲ ಮಗನಿಗೆ ಹಂದಿಸಿಡುಬಿನ ರಸಿಕೆ ಹಾಕಿ ನೋಡಿದ್ದುಂಟು. ಆದರೆ ಲೋಕದ ಚರಿತ್ರೆಯನ್ನು ಬದಲಿಸಿದ ತೋಳು ಆ ಮಗನದಲ್ಲ. ಎರಡು ವರ್ಷಗಳ ನಂತರ, 1798ರಲ್ಲಿ, ಜಾನ್ ಬೇಕರ್ ಎಂಬ ಐದು ವರ್ಷದ ಇನ್ನೊಬ್ಬ ಹುಡುಗನ ಮೇಲೆ ಜೆನ್ನರ್ ಕುದುರೆಯ ರೋಗದಿಂದ ಬಂದ ರಸಿಕೆಯನ್ನು ಪ್ರಯೋಗಿಸಿದನು. ಸಿಡುಬಿನ ಮರುಪರೀಕ್ಷೆಗೆ ಒಳಪಡುವ ಮೊದಲೇ ಆ ಹುಡುಗ ಅನಾಥರನ್ನೂ ನಿರ್ಗತಿಕರನ್ನೂ ಇರಿಸುತ್ತಿದ್ದ ದುಡಿಮೆಶಾಲೆಯಲ್ಲಿ ಜ್ವರದಿಂದ ತೀರಿಕೊಂಡನು. ಅವನನ್ನು ಕುರಿತು ಯಾರೂ ಶಿಲ್ಪ ಕೆತ್ತಿದಂತಿಲ್ಲ.

ಮೊಂತೆವೆರ್ದೆ ಕೂಲಿಯವನ ಮಗನನ್ನು ತೊಡೆಯಿಂದ ಇಳಿಸಿ ವೈದ್ಯನ ಮಗನನ್ನು ಅಲ್ಲಿ ಕೂರಿಸಿದ್ದೇಕೆ? ಕಲಾದೃಷ್ಟಿಯಿಂದ ಉತ್ತರ ಸುಲಭ: ತಂದೆಯ ಮುಖದ ತಳಮಳವೇ ಶಿಲ್ಪದ ಜೀವಾಳ, ಆಳಿನ ಮಗನ ಮೇಲೆ ಬಾಗಿದ ಯಜಮಾನನ ಮುಖಕ್ಕೆ ಆ ತಳಮಳ ಒಪ್ಪುತ್ತಿರಲಿಲ್ಲ. ಆದರೆ ಇದಕ್ಕಿಂತ ಆಳವಾದ ಕಾರಣವೊಂದಿದೆಯೆಂದು ನನಗೆ ತೋರುತ್ತದೆ. ನೋಡುವವರ ಮನಸ್ಸಾಕ್ಷಿಗೆ ಬೇಕಾಗಿದ್ದುದು ಅದೇ. ವಿಜ್ಞಾನದ ಉಪಕಾರವನ್ನು ಉಣ್ಣುವ ನಮಗೆ, ಆ ಉಪಕಾರದ ಬೆಲೆಯನ್ನು ತೆತ್ತವರು ಶಕ್ತರೇ ಆಗಿದ್ದರೆಂದು ನಂಬುವುದರಲ್ಲಿ ಒಂದು ನೆಮ್ಮದಿಯಿದೆ. ಶಿಲ್ಪ ಆ ನೆಮ್ಮದಿಯನ್ನು ಕೊಡುತ್ತದೆ. ಅದರ ಸೌಂದರ್ಯವನ್ನು ಒಪ್ಪಿಕೊಂಡೂ ಈ ನೆಮ್ಮದಿಯನ್ನು ನಾನು ಒಪ್ಪಲಾರೆ.

ಜೆನ್ನರನನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಅವನ ಕಾಲದಲ್ಲಿ ಸಿಡುಬಿನ ರಸಿಕೆಯನ್ನೇ ಮೈಗೆ ಹಾಕಿಸಿಕೊಳ್ಳುವ ವಾಡಿಕೆ ವ್ಯಾಪಕವಾಗಿತ್ತು. ಫಿಪ್ಸ್‌ನಿಗೆ ಒದಗಿದ ಅಪಾಯ ಅಂದಿನ ಮಕ್ಕಳಿಗೆಲ್ಲ ಪರಿಚಿತವಾದದ್ದೇ. ಮುಂದೆ ಜೆನ್ನರ್ ಅವನಿಗೆ ಬಾಡಿಗೆಯಿಲ್ಲದ ಮನೆಯೊಂದನ್ನು ಕೊಟ್ಟನು; 1823ರಲ್ಲಿ ಜೆನ್ನರನ ಶವಸಂಸ್ಕಾರಕ್ಕೆ ಬಂದವರಲ್ಲಿ ಫಿಪ್ಸ್ ಕೂಡ ಇದ್ದನು. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಲಸಿಕೆ ನಮ್ಮ ನಾಡಿಗೆ ಬಂದದ್ದೂ ಮಕ್ಕಳ ತೋಳಿನ ಮೂಲಕವೇ: 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಭಾರತದ ಮೊದಲ ಲಸಿಕೆ ಪಡೆದವಳು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲೆ. ಅವಳ ತೋಳಿನ ಬೊಕ್ಕೆಯಿಂದಲೇ ಮುಂದಿನವರಿಗೆ ರಸಿಕೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯಲ್ಲಿ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದು ಸಿದ್ಧವಾಯಿತು. ಥಾಮಸ್ ಹಿಕಿ ಬರೆದದ್ದೆನ್ನಲಾದ, ಸುಮಾರು 1805ರ ಈ ಚಿತ್ರದಲ್ಲಿ ಬಲಬದಿಗೆ ನಿಂತಿರುವ ದೇವಜಮ್ಮಣ್ಣಿಯು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಲೆಂದೇ ಎಂಬುದು ಚರಿತ್ರಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದ ಆಕೆಗೆ ಆಗ ಹನ್ನೆರಡರ ಆಸುಪಾಸು. ಅಂದಿನ ಲೆಕ್ಕದಲ್ಲಿ ರಾಣಿ, ಇಂದಿನ ಲೆಕ್ಕದಲ್ಲಿ ಬಾಲಕಿ. ಆದರೂ ಅಮೃತಶಿಲೆಯ ಮಗುವಿಗಿಂತ ಈಕೆಯ ಸ್ಥಿತಿ ಮೇಲು: ತನ್ನ ತೋಳನ್ನು ತಾನೇ ತೋರಿಸುತ್ತಿದ್ದಾಳೆ, ಯಾರೂ ಹಿಡಿದುಕೊಂಡಿಲ್ಲ.

ಈಗ ಶಿಲ್ಪ ಹೇಳುವುದನ್ನೇ ನಿಜವೆಂದಿಟ್ಟುಕೊಳ್ಳೋಣ. ಆ ಮಗು ಜೆನ್ನರನದೇ ಆಗಿದ್ದರೆ ಪ್ರಯೋಗ ಶುದ್ಧವಾಗಿಬಿಡುತ್ತಿತ್ತೇ? ಇಂತಹ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಕ್ 1953ರಲ್ಲಿ ತನ್ನ ಮೂವರು ಗಂಡುಮಕ್ಕಳಿಗೆ ಅದನ್ನು ಚುಚ್ಚಿದ್ದನ್ನು ಇಂದಿಗೂ ಮೆಚ್ಚಿ ನೆನೆಯುತ್ತಾರೆ. ಅದಕ್ಕೂ ಮುಂಚೆ, 1952ರಲ್ಲಿ, ಅಂಗವಿಕಲ ಮಕ್ಕಳ ಆಶ್ರಮವೊಂದರಲ್ಲಿ ಮತ್ತು ಬುದ್ಧಿಮಾಂದ್ಯರ ವಸತಿಶಾಲೆಯೊಂದರಲ್ಲಿ ಅವನ ಮೊದಲ ಪರೀಕ್ಷೆಗಳು ನಡೆದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ತಂದೆಯ ಧೈರ್ಯ ದೊಡ್ಡದೇ. ಆದರೆ ಪಣಕ್ಕಿಟ್ಟ ದೇಹ ತಂದೆಯದಲ್ಲ. ಆದಿಕಾಂಡದ ಮೊರೀಯ ಬೆಟ್ಟದ ಕಥೆಯಲ್ಲಿ ಬಾಲಕ ಇಸಾಕನು ಬಲಿಗೆ ಕುರಿಮರಿ ಎಲ್ಲಿ ಎಂದು ತಂದೆಯನ್ನು ಕೇಳುತ್ತಾನೆ. ತಂದೆ ಅವನಿಗೆ ಉತ್ತರ ಕೊಡಬೇಕಾಗುತ್ತದೆ. ಮೊಂತೆವೆರ್ದೆಯ ಮಗುವಿಗೆ ಕೇಳುವ ವಯಸ್ಸೂ ಇಲ್ಲ. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1952ರ ಸೆಪ್ಟೆಂಬರಿನಲ್ಲಿ ವೈದ್ಯ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡುತ್ತ ಈ ಮರ್ಮವನ್ನೇ ಮುಟ್ಟಿದ್ದರು: ಮನುಷ್ಯನು ತನ್ನ ದೇಹಕ್ಕೆ ಸಂಪೂರ್ಣ ಒಡೆಯನಲ್ಲ, ಅವನ ಪರವಾಗಿ ಮಾತನಾಡುವ ಪೋಷಕನಿಗೆ ಅವನಿಗಿರುವುದಕ್ಕಿಂತ ಹೆಚ್ಚಿನ ಅಧಿಕಾರ ಇರಲಾರದು.

ಹಾಗಾದರೆ ತಂದೆತಾಯಿಯರ ಸಹಿಗೆ ಅರ್ಥವೇನು? ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಎತ್ತಿದ್ದು ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸರ್ಕಾರಿ ಶಾಲೆ. ಬುದ್ಧಿಮಾಂದ್ಯ ಮಕ್ಕಳಿದ್ದ ಆ ಸಂಸ್ಥೆ ಕಿಕ್ಕಿರಿದು ತುಂಬಿತ್ತು. ಕೊಳಕಿನಲ್ಲಿ ಕಾಮಾಲೆ ಎಡೆಬಿಡದೆ ಹರಡುತ್ತಿತ್ತು. 1956ರಿಂದ ಒಂದೂವರೆ ದಶಕದಷ್ಟು ಕಾಲ ಡಾ. ಸಾಲ್ ಕ್ರಗ್ಮನ್ ಮತ್ತವರ ಸಂಗಡಿಗರು ಅಲ್ಲಿ ಹೊಸದಾಗಿ ಸೇರುವ ಮಕ್ಕಳಿಗೆ ಬೇಕೆಂದೇ ಆ ಸೋಂಕನ್ನು ಕೊಟ್ಟು ಅಧ್ಯಯನ ಮಾಡಿದರು. ಹೇಗಿದ್ದರೂ ಇವರಿಗೆ ಕಾಮಾಲೆ ಬರುವುದೇ, ನಮ್ಮ ವಿಭಾಗದಲ್ಲಾದರೆ ಒಳ್ಳೆಯ ಆರೈಕೆಯೊಡನೆ ಬರುತ್ತದೆ ಎಂಬುದು ಅವರ ಸಮರ್ಥನೆ. ತಂದೆತಾಯಿಯರು ಸಹಿ ಹಾಕಿದ್ದರು. ಆದರೆ 1964ರಲ್ಲಿ ಜಾಗವಿಲ್ಲವೆಂದು ಶಾಲೆ ಹೊಸ ಮಕ್ಕಳಿಗೆ ಬಾಗಿಲು ಮುಚ್ಚಿದಾಗಲೂ ಈ ಸಂಶೋಧನಾ ವಿಭಾಗದ ಬಾಗಿಲು ತೆರೆದಿತ್ತು. ಮನೆಯಲ್ಲಿ ನೋಡಿಕೊಳ್ಳಲಾಗದ ಮಗುವನ್ನು ಹಿಡಿದು ನಿಂತ ತಾಯಿಗೆ ತೆರೆದಿರುವುದು ಅದೊಂದೇ ಬಾಗಿಲಾದರೆ ಅವಳು ಹಾಕುವ ಸಹಿಯನ್ನು ಸಮ್ಮತಿ ಎಂದು ಕರೆಯಬಹುದೇ? ಆ ಅಧ್ಯಯನಗಳಿಂದ ಕಾಮಾಲೆಯ ಎರಡು ಬಗೆಗಳು ಬೇರೆಬೇರೆ ಎಂಬ ಅಮೂಲ್ಯ ತಿಳಿವಳಿಕೆ ದೊರೆಯಿತು. ಈ ಮಾತು ನಿಜ. ಆದರೆ ಅದು ಪ್ರಶ್ನೆಗೆ ಉತ್ತರವಲ್ಲ.

ವಿಲೋಬ್ರೂಕಿನ ನೆರಳಿನಲ್ಲಿಯೇ ಇಬ್ಬರು ಕ್ರೈಸ್ತ ಚಿಂತಕರ ನಡುವೆ ಒಂದು ವಾದ ನಡೆಯಿತು. ಇಂದು ಮರೆತುಹೋದಂತಿರುವ ಆ ವಾದವನ್ನು ನಮ್ಮ ಕುಟುಂಬಗಳು ತಿಳಿದಿರುವುದು ಒಳ್ಳೆಯದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪಾಲ್ ರಾಮ್ಸೆ ಮೆಥೊಡಿಸ್ಟ್ ಸಭೆಯವರು. 1970ರಲ್ಲಿ ಪ್ರಕಟವಾದ ಅವರ ಗ್ರಂಥದ ನಿಲುವು ಕಠಿಣವಾದದ್ದು. ರೋಗಿಯಾದ ಮಗುವಿನ ಒಳಿತಿಗಾಗಿ ಹೊಸ ಚಿಕಿತ್ಸೆಯನ್ನು ಪ್ರಯತ್ನಿಸುವುದು ಸರಿ. ಆದರೆ ಆ ಮಗುವಿಗೆ ಯಾವ ಪ್ರಯೋಜನವೂ ಇಲ್ಲದ, ಬೇರೆಯವರಿಗಾಗಿ ನಡೆಯುವ ಪ್ರಯೋಗಕ್ಕೆ ಅದನ್ನು ಒಡ್ಡುವಂತಿಲ್ಲ. ಅಪಾಯ ಎಷ್ಟೇ ಅಲ್ಪವಾಗಿರಲಿ, ತಂದೆತಾಯಿ ಒಪ್ಪಿರಲಿ, ಅದು ಮಗುವನ್ನು ವಸ್ತುವಿನಂತೆ ಬಳಸಿಕೊಂಡಂತೆಯೇ. ಪರರಿಗಾಗಿ ತ್ಯಾಗ ಮಾಡುವುದು ಶ್ರೇಷ್ಠ, ಆದರೆ ಇನ್ನೊಬ್ಬರ ಹೆಸರಿನಲ್ಲಿ ತ್ಯಾಗ ಮಾಡುವ ಹಕ್ಕು ಯಾರಿಗೂ ಇಲ್ಲ.

ಯೇಸುಸಭೆಯ ಗುರು ರಿಚರ್ಡ್ ಮೆಕಾರ್ಮಿಕ್ 1974ರಲ್ಲಿ ಇದಕ್ಕೆ ಎದುರುತ್ತರ ಬರೆದರು. ಮಗುವೂ ಮಾನವಕುಟುಂಬದ ಸದಸ್ಯ. ಕುಟುಂಬದ ಒಳಿತಿನಲ್ಲಿ ಅದಕ್ಕೂ ಪಾಲಿದೆ, ಅದಕ್ಕೂ ಚಿಕ್ಕದೊಂದು ಕರ್ತವ್ಯವಿದೆ. ಅಪಾಯವಿಲ್ಲದ, ಅಥವಾ ಇದ್ದರೂ ಗಣನೆಗೆ ಬಾರದಷ್ಟು ಅಲ್ಪವಾದ ಅಧ್ಯಯನದಲ್ಲಿ ಪಾಲ್ಗೊಳ್ಳುವುದು ಯಾವ ಮನುಷ್ಯನಾದರೂ ಮಾಡಬೇಕಾದದ್ದು. ಆದುದರಿಂದ ಮಗು ಮಾತನಾಡಬಲ್ಲುದಾಗಿದ್ದರೆ ಒಪ್ಪುತ್ತಿತ್ತೆಂದು ಭಾವಿಸಿ ತಂದೆತಾಯಿ ಸಹಿ ಹಾಕಬಹುದು. ಇದು ರಾಮ್ಸೆಯವರಿಗೆ ಒಪ್ಪಿಗೆಯಾಗಲಿಲ್ಲ. ಮಗುವನ್ನು ಪುಟ್ಟ ಪ್ರೌಢನೆಂದು ಕಲ್ಪಿಸಿ, ಅದರ ಮೇಲೆ ಕರ್ತವ್ಯ ಹೇರಿ, ಆ ಕರ್ತವ್ಯವನ್ನೇ ಅದರ ಇಚ್ಛೆಯೆಂದು ಕರೆಯುವುದು ಯಾವ ನ್ಯಾಯ ಎಂದು ಅವರು ಕೇಳಿದರು.

ತರ್ಕದ ದೃಷ್ಟಿಯಿಂದ ನೋಡಿದರೆ ರಾಮ್ಸೆಯವರದೇ ಮೇಲುಗೈ. ಮೆಕಾರ್ಮಿಕ್ ಅವರ ‘ಮಗು ಒಪ್ಪುತ್ತಿತ್ತು’ ಎಂಬ ಮಾತಿನಲ್ಲಿ ಒಂದು ಜಾಣ್ಮೆಯ ಹಾರಿಕೆಯಿದೆ. ಒಪ್ಪಬೇಕಾದದ್ದಕ್ಕೂ ಒಪ್ಪುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಮಕ್ಕಳನ್ನು ಸಾಕಿದವರೆಲ್ಲ ಬಲ್ಲರು. ಆದರೂ ನಾನು ಕೊನೆಗೆ ಮೆಕಾರ್ಮಿಕ್ ಅವರ ಪಕ್ಷಕ್ಕೇ ಬರುತ್ತೇನೆ. ಅದಕ್ಕೆ ಕಾರಣ ವಾರ್ಡುಗಳಲ್ಲಿ ನಡೆದ ಕೆಲವು ಸಂಗತಿಗಳು.

1940ರ ದಶಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವ ಪದ್ಧತಿ ಮುಂದುವರಿದ ದೇಶಗಳಲ್ಲಿ ಬಂದಿತು. ಅದು ಪ್ರಯೋಗವೆಂದು ಯಾರಿಗೂ ಅನಿಸಲಿಲ್ಲ. ಆರೈಕೆ ಎಂದೇ ಅನಿಸಿತು. ಒಂದು ದಶಕದಲ್ಲಿ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರು. ಕಾರಣ ಆ ಆಮ್ಲಜನಕವೇ ಇರಬಹುದೇ ಎಂದು ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷಿಸಲು ಹೊರಟಾಗ, ಕಡಿಮೆ ಆಮ್ಲಜನಕದ ಗುಂಪಿಗೆ ಸೇರಿದ ಶಿಶುಗಳ ಮೇಲೆ ಕನಿಕರಗೊಂಡ ದಾದಿಯರು ರಾತ್ರಿಯ ವೇಳೆ ಗುಟ್ಟಾಗಿ ಅದನ್ನು ಹೆಚ್ಚಿಸುತ್ತಿದ್ದರಂತೆ. ಪ್ರೀತಿಯಿಂದಲೇ ಹೆಚ್ಚಿಸುತ್ತಿದ್ದರು, ಕಣ್ಣು ಹೋಗುತ್ತಿದ್ದುದು ಆ ಪ್ರೀತಿಯಿಂದಲೇ. ಹಲವು ಆಸ್ಪತ್ರೆಗಳು ಕೂಡಿ 1953ರಲ್ಲಿ ಆರಂಭಿಸಿದ ಶಿಸ್ತಿನ ಪ್ರಯೋಗವೊಂದು ಈ ಅನಾಹುತಕ್ಕೆ ತಡೆಹಾಕಿತು. ಕ್ಲೋರಾಂಫೆನಿಕಾಲ್ ಎಂಬ ಔಷಧದ ಕಥೆಯೂ ಹೀಗೆಯೇ. ದೊಡ್ಡವರಿಗೆ ಒಗ್ಗುತ್ತಿದ್ದ ಅದನ್ನು ಸೋಂಕು ತಗಲದಿರಲೆಂದು ಅವಧಿಪೂರ್ವ ಶಿಶುಗಳಿಗೂ ಕೊಡುತ್ತಿದ್ದರು. ಎಳೆಯ ಯಕೃತ್ತು ಅದನ್ನು ಅರಗಿಸಿಕೊಳ್ಳಲಾರದು. 1959ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅದನ್ನು ಪಡೆದ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಶಿಶುಗಳು ಸತ್ತಿದ್ದವು. ಪಡೆಯದವುಗಳಲ್ಲಿ ಹತ್ತಕ್ಕೆ ಎರಡಕ್ಕಿಂತ ಕಡಿಮೆ. ಮಕ್ಕಳ ಮೇಲೆ ಪ್ರಯೋಗ ಬೇಡವೆಂದರೆ ಪ್ರಯೋಗ ನಿಲ್ಲುವುದಿಲ್ಲ. ಲೆಕ್ಕವಿಡದೆ, ಹೋಲಿಸಿ ನೋಡದೆ, ಯಾರ ಅನುಮತಿಯನ್ನೂ ಕೇಳದೆ ಹಾಸಿಗೆಯಿಂದ ಹಾಸಿಗೆಗೆ ಅದು ನಡೆಯುತ್ತಲೇ ಇರುತ್ತದೆ.

ರಕ್ತದ ಕ್ಯಾನ್ಸರಿನ ಮಾತನ್ನಂತೂ ಹೇಳಲೇಬೇಕು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಹೊಸ ಔಷಧವೊಂದನ್ನು ಕೊಟ್ಟ ವರದಿ ಪ್ರಕಟಿಸಿದಾಗ ಹತ್ತು ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆ ಕಂಡಿತ್ತು. ಅಂತಹ ಔಷಧಗಳನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥ ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಆಗ ಆ ರೋಗವೆಂದರೆ ಕೆಲವೇ ತಿಂಗಳಲ್ಲಿ ಸಾವು. ಇಂದು ಮುಂದುವರಿದ ದೇಶಗಳಲ್ಲಿ ಮಕ್ಕಳಲ್ಲಿ ಅತಿ ಸಾಮಾನ್ಯವಾದ ಬಗೆಯ ರಕ್ತದ ಕ್ಯಾನ್ಸರ್ ತಗಲಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಈ ದೂರವನ್ನು ಕ್ರಮಿಸಿದ್ದು ಯಾವುದೇ ಒಂದು ಅದ್ಭುತ ಔಷಧವಲ್ಲ. ಒಂದಾದ ಮೇಲೊಂದರಂತೆ ನಡೆದ ಪ್ರಯೋಗಗಳು, ಮತ್ತು ಅವುಗಳಿಗೆ ತಮ್ಮ ಮಕ್ಕಳನ್ನು ಸೇರಿಸಿದ ತಾಯಿತಂದೆಗಳು. ಅವರಲ್ಲಿ ಅನೇಕರ ಮಕ್ಕಳು ಉಳಿಯಲಿಲ್ಲ.

ಆದುದರಿಂದ ಮೆಕಾರ್ಮಿಕ್ ಅವರ ತೀರ್ಮಾನವನ್ನು ರಾಮ್ಸೆಯವರ ಭಯದೊಡನೆ ಹಿಡಿದುಕೊಳ್ಳಬೇಕಾಗಿದೆ. ಆ ಭಯ ಹಳೆಯದಾಗಿಲ್ಲ. 1996ರಲ್ಲಿ ನೈಜೀರಿಯಾದ ಕಾನೋ ನಗರದಲ್ಲಿ ಮಿದುಳುಪೊರೆಯ ಜ್ವರದ ಹಾವಳಿ ಎದ್ದಾಗ ಫೈಜರ್ ಕಂಪೆನಿ 200 ಮಕ್ಕಳನ್ನು ತನ್ನ ಔಷಧದ ಪ್ರಯೋಗಕ್ಕೆ ಸೇರಿಸಿಕೊಂಡಿತು. 11 ಮಕ್ಕಳು ತೀರಿಕೊಂಡರು. ಔಷಧದಿಂದ ಸಾವು ಸಂಭವಿಸಿತೆಂಬುದನ್ನು ಕಂಪೆನಿ ಒಪ್ಪಲಿಲ್ಲ; ಎರಡೂ ಗುಂಪುಗಳಲ್ಲಿ ಸಾವುಗಳಿದ್ದವು. ತಮ್ಮ ಮಕ್ಕಳು ಪ್ರಯೋಗದಲ್ಲಿದ್ದರೆಂಬುದೇ ತಮಗೆ ತಿಳಿದಿರಲಿಲ್ಲವೆಂದು ಕುಟುಂಬಗಳು ದೂರಿದವು. 2009ರಲ್ಲಿ ಕಾನೋ ರಾಜ್ಯದೊಂದಿಗೆ 7.5 ಕೋಟಿ ಡಾಲರಿನ ಒಪ್ಪಂದವಾಯಿತು.

ನಮ್ಮ ದೇಶದಲ್ಲಿ 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಬಾಲಕಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಒಂದು ಅಧ್ಯಯನದ ಭಾಗವಾಗಿ ಕೊಡಲಾಯಿತು. ಏಳು ಬಾಲಕಿಯರ ಸಾವಿನ ಸುದ್ದಿ ಬಂದ ಮೇಲೆ 2010ರ ಏಪ್ರಿಲಿನಲ್ಲಿ ಅದು ನಿಂತಿತು. ತನಿಖೆಯಾದಾಗ ಸಾವುಗಳಿಗೆ ಲಸಿಕೆ ಕಾರಣವಾಗಿರಲಾರದೆಂದು ಕಂಡುಬಂದಿತು. ಲಸಿಕೆಯ ಉಪಯುಕ್ತತೆಯಂತೂ ಇಂದು ಜಗತ್ತು ಒಪ್ಪಿರುವ ಮಾತು. ಹಾಗಾದರೆ ತಪ್ಪೆಲ್ಲಿ? 2013ರ ಸಂಸದೀಯ ಸಮಿತಿಯ ವರದಿ ಅದನ್ನು ಅಂಕೆಗಳಲ್ಲಿ ಹೇಳಿತು. ಆಂಧ್ರದ 9,543 ಸಮ್ಮತಿಪತ್ರಗಳಲ್ಲಿ 1,948ರ ಮೇಲಿದ್ದುದು ಹೆಬ್ಬೆರಳ ಗುರುತು. 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲಿನ ಮೇಲ್ವಿಚಾರಕರು. ಖಮ್ಮಂನ ಅನೇಕ ಬಾಲಕಿಯರು ಹಾಸ್ಟೆಲುಗಳಲ್ಲಿದ್ದ ಬುಡಕಟ್ಟು ಮಕ್ಕಳು. ಅವರನ್ನು ಆರಿಸಿಕೊಂಡದ್ದು ಅವರಿಗೇ ಆ ರೋಗದ ಭಯ ಹೆಚ್ಚೆಂದೋ, ಅಥವಾ ಒಂದೇ ಸೂರಿನಡಿ ಸಿಗುತ್ತಾರೆಂದೋ? ಹಾಸ್ಟೆಲುಗಳನ್ನೂ ಅನಾಥಾಲಯಗಳನ್ನೂ ನಡೆಸುವ ನಮ್ಮ ಧರ್ಮಕೇಂದ್ರಗಳು, ಮಠಗಳು ಈ ಅಂಕೆಗಳನ್ನು ಎರಡು ಸಲ ಓದಬೇಕು. ನಂಬಿ ಬಿಟ್ಟುಹೋದ ತಾಯಿತಂದೆಗಳ ಬದಲಿಗೆ ಸಹಿ ಹಾಕಲು ವಾರ್ಡನ್ ಸಿಸ್ಟರಿಗೂ ಅಧಿಕಾರವಿಲ್ಲ, ಫಾದರಿಗೂ ಇಲ್ಲ.

ಹೀಗಲ್ಲದೆ ನಡೆದದ್ದೂ ಉಂಟು. ಶಿಶುಗಳ ವಾಂತಿಭೇದಿಗೆ ಕಾರಣವಾದ ರೋಟಾವೈರಸ್ಸಿಗೆ ನಮ್ಮಲ್ಲೇ ಸಿದ್ಧವಾದ ಲಸಿಕೆಯನ್ನು 2011ರಿಂದ ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಹಸುಗೂಸುಗಳ ಮೇಲೆ ಪರೀಕ್ಷಿಸಲಾಯಿತು. ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಹುಸಿಮದ್ದು ಸಿಕ್ಕಿತು. ಬೇರೆ ಕಂಪೆನಿಗಳ ಲಸಿಕೆ ಆಗಲೇ ಪೇಟೆಯಲ್ಲಿದ್ದುದರಿಂದ ಇದು ಸರಿಯೇ ಎಂಬ ಚರ್ಚೆಯೂ ನಡೆಯಿತು. ಆ ಚರ್ಚೆ ಅಗತ್ಯವಾದದ್ದೇ ಆಗಿತ್ತು. ರೋಟಾವೈರಸ್ಸಿನಿಂದಾಗುವ ತೀವ್ರ ಭೇದಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ಪ್ರಮಾಣದಲ್ಲಿ ತಡೆದ ಆ ಲಸಿಕೆ 2016ರಿಂದ ಸರ್ಕಾರದ ಉಚಿತ ಲಸಿಕೆಗಳ ಸಾಲಿಗೆ ಸೇರಿತು. ಭೇದಿಯಿಂದ ಸಾಯುವ ಮಕ್ಕಳು ಹೆಚ್ಚಾಗಿ ಬಡವರ ಮಕ್ಕಳೇ. ಇಲ್ಲಿ ಅಪಾಯ ಹೊತ್ತ ಮನೆಗಳಿಗೂ ಫಲ ಉಂಡ ಮನೆಗಳಿಗೂ ನಡುವೆ ಗೋಡೆಯಿರಲಿಲ್ಲ.

ವೆಲ್ಲೂರಿನ ಸಿಎಂಸಿಯಾಗಲಿ ಬೆಂಗಳೂರಿನ ಸೇಂಟ್ ಜಾನ್ಸ್ ಆಗಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯೂ ನಡೆಯುವ ಸ್ಥಳಗಳು. ಓದುಗರಲ್ಲಿ ಯಾರಿಗಾದರೂ ಇಂತಹ ಆಸ್ಪತ್ರೆಯಲ್ಲಿ ಒಂದು ದಿನ ಸಮ್ಮತಿಪತ್ರ ಕೈಗೆ ಬಂದೀತು. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮನೆಗೆ ಒಯ್ದು ಓದಲು ಕೇಳುವ ಹಕ್ಕು ನಿಮಗಿದೆ. ಸೇರದಿದ್ದರೆ ಈಗಿನ ಚಿಕಿತ್ಸೆಗೆ ಕುಂದುಂಟಾಗುವುದಿಲ್ಲವೆಂದು ಅದರಲ್ಲಿ ಬರೆದಿರಬೇಕು. ಸೇರಿದ ಮೇಲೂ ಹೊರಬರಬಹುದು. ಪ್ರಯೋಗದಿಂದ ಮಗುವಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರವನ್ನು 2019ರ ನಿಯಮಗಳು ವಿಧಿಸುತ್ತವೆ. 2009ರ ಜೂನ್‌ನಿಂದ ಇಂತಹ ಪ್ರಯೋಗಗಳನ್ನೆಲ್ಲ ದೇಶದ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು ಕಡ್ಡಾಯ. ದಾಖಲೆಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಇವನ್ನೆಲ್ಲ ಕೇಳಿದರೆ ವೈದ್ಯರು ಬೇಸರಪಟ್ಟುಕೊಳ್ಳುವರೆಂಬ ಸಂಕೋಚ ನಮ್ಮ ಜನರಲ್ಲಿ ಬಹಳ. ಒಳ್ಳೆಯ ಸಂಶೋಧಕರು ಬೇಸರಪಡುವುದಿಲ್ಲ. ಬೇಸರಪಡುವವರ ಅಧ್ಯಯನಕ್ಕೆ ಮಗುವನ್ನು ಸೇರಿಸುವ ಅಗತ್ಯವೂ ಇಲ್ಲ.

ಸಹಿ ಹಾಕುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಬೇಕು. ಅದನ್ನು ಯಾವ ನಿಯಮವೂ ಬರೆದುಕೊಟ್ಟಿಲ್ಲ. ಈ ಅಧ್ಯಯನಕ್ಕೆ ಶ್ರೀಮಂತರ ಮಕ್ಕಳನ್ನೂ ಕೇಳಿದ್ದಾರೆಯೇ? ಕೇಳದಿದ್ದರೆ ಏಕೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಏಳು ವರ್ಷ ದಾಟಿದ ಮಗುವಿಗೆ ವಿಷಯವನ್ನು ಅದಕ್ಕೆ ತಿಳಿಯುವಂತೆ ಹೇಳಿ ಅದರ ಬಾಯಿಮಾತಿನ ಒಪ್ಪಿಗೆಯನ್ನು ಪಡೆಯಬೇಕು. ಹನ್ನೆರಡು ದಾಟಿದವರಿಂದ ಬರಹದಲ್ಲಿ. ತಂದೆತಾಯಿಯ ಸಹಿಯ ಕೆಳಗೆ ಮಗುವಿನ ಹೆಸರಿಗೂ ಒಂದು ಗೆರೆ ಇರುತ್ತದೆ. ಎಂಟು ವರ್ಷದ ಜೇಮ್ಸ್ ಫಿಪ್ಸ್ ಇಂದು ಇದ್ದಿದ್ದರೆ ಜೆನ್ನರ್ ಅವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಬೇಕಾಗುತ್ತಿತ್ತು, ಜುಲೈ ತಿಂಗಳಲ್ಲಿ ಏನು ಮಾಡಲಿದ್ದೇನೆ ಎಂಬುದನ್ನೂ ಸೇರಿಸಿ. ಹುಡುಗ ತಲೆಯಾಡಿಸಿ ಬೇಡವೆಂದಿದ್ದರೆ ಸಾರಾ ನೆಲ್ಮ್ಸ್‌ಳ ಕೈಯ ಬೊಕ್ಕೆ ಮಾಗುವುದರೊಳಗೆ ಅವನು ಇನ್ನೊಂದು ಮನೆಯ ಬಾಗಿಲು ತಟ್ಟಬೇಕಾಗುತ್ತಿತ್ತು.